ಎನ್‌ಎಂಆರ್ ಪಾಠದಲ್ಲಿ ‘ಬಿಡಿಸು’ ಅಂದರೆ ಸರಿ ಹೋಗುತ್ತಾ?

ಎಲ್ಲರಿಗೂ ನಮಸ್ಕಾರ. ರಾಯಚೂರಿನಲ್ಲಿ ಎಂಎಸ್ಸಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಪ್ರೋಟಾನ್ ಎನ್‌ಎಂಆರ್ ಅಂದರೆ ಕಾಂತಕ್ಷೇತ್ರದಲ್ಲಿಟ್ಟ ಅಣುವಿನ ಪ್ರೋಟಾನ್‌ಗಳು (ಹೈಡ್ರೋಜನ್ ನ್ಯೂಕ್ಲಿಯಸ್‌ಗಳು) ಕೊಡುವ ಸಂಕೇತಗಳನ್ನು ದಾಖಲಿಸುವ ವಿಧಾನ, ಅದರಲ್ಲಿ ಸಿಗುವ ಗೆರೆಗಳ ನಕ್ಷೆಯೇ ರೋಹಿತ. ಹತ್ತಿರದ ಇನ್ನೊಂದು ಪ್ರೋಟಾನ್ ಪ್ರಭಾವದಿಂದ ಒಂದು ಗೆರೆ ಎಷ್ಟು ಹರ್ಟ್ಜ್ ಅಂತರಕ್ಕೆ ಸೀಳುತ್ತದೆ ಅನ್ನೋದೇ ಕಪ್ಲಿಂಗ್ ಸ್ಥಿರಾಂಕ. ಪ್ರೋಟಾನ್ ಎನ್‌ಎಂಆರ್ ರೋಹಿತದಿಂದ ಕಪ್ಲಿಂಗ್ ಸ್ಥಿರಾಂಕಗಳನ್ನು, ಅಂದರೆ ಜೆ ಬೆಲೆಗಳನ್ನು, ಸಾಫ್ಟ್‌ವೇರ್ ತಾನೇ ಹೇಗೆ ಪಡೆಯುತ್ತದೆ ಅಂತ ಕನ್ನಡದಲ್ಲಿ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ಈ ‘ಪಡೆಯುತ್ತದೆ’ ಅನ್ನುವ ಕಡೆ ಯಾವ ಪದ ಹಾಕಬೇಕು ಅನ್ನೋದೇ ನನ್ನ ಪ್ರಶ್ನೆ.

‘ಹೊರತೆಗೆಯುವುದು’ ಅಂತ ಬರೆದುಬಿಡಬಹುದು. ಆದರೆ ನಮ್ಮ ಲ್ಯಾಬಿನಲ್ಲಿ ಹೊರತೆಗೆಯುವುದು ಅಂದರೆ ಎಲೆಯಿಂದ ಎಣ್ಣೆ ತೆಗೆದ ಹಾಗೆ, ಒಳಗೆ ಇದ್ದದ್ದನ್ನೇ ತೆಗೆಯೋದು. ಜೆ ಹಾಗೆ ರೋಹಿತದಲ್ಲಿ ಎಲ್ಲೂ ಬರೆದಿರುವುದಿಲ್ಲ. ಅಲ್ಲಿರುವುದು ಗೆರೆಗಳು, ಅವುಗಳ ಜಾಗ, ಎತ್ತರ, ಅಗಲ, ಅಷ್ಟೇ.

ಉದಾಹರಣೆಗೆ 400 ಮೆಗಾಹರ್ಟ್ಜ್ ಯಂತ್ರದಲ್ಲಿ ಬೆಂಜೀನ್ ಉಂಗುರದ ಒಂದು ಪ್ರೋಟಾನ್ 7.210, 7.205, 7.190, 7.185 ಪಿಪಿಎಂನಲ್ಲಿ (ಗೆರೆಯ ಜಾಗ ಹೇಳುವ ಅಳತೆ) ನಾಲ್ಕು ಗೆರೆ ಕೊಟ್ಟಿದೆ ಅಂದುಕೊಳ್ಳಿ. ಈ ಯಂತ್ರದಲ್ಲಿ 1 ಪಿಪಿಎಂ ಅಂದರೆ 400 ಹರ್ಟ್ಜ್. ಮೊದಲನೆಯ ಗೆರೆಗೂ ಎರಡನೆಯದಕ್ಕೂ 2 ಹರ್ಟ್ಜ್ ಅಂತರ, ಮೊದಲನೆಯದಕ್ಕೂ ಮೂರನೆಯದಕ್ಕೂ 8. ಈ ತುದಿಯಿಂದ ಆ ತುದಿಗೆ 10, ಅಂದರೆ ಎರಡೂ ಜೆ ಕೂಡಿದಷ್ಟು, ಲೆಕ್ಕ ಕೂಡಿಬಂತು. 8 ಅಂದರೆ ಪಕ್ಕದ ಆರ್ಥೋ ಪ್ರೋಟಾನ್, 2 ಅಂದರೆ ಒಂದು ಕಾರ್ಬನ್ ಬಿಟ್ಟು ಆಚೆಗಿನ ಮೆಟಾ. ಪ್ರೋಗ್ರಾಂ ಮಾಡೋದೂ ಇದನ್ನೇ, ಗೆರೆಗಳನ್ನು ಗುರುತಿಸಿ, ಯಾವ ಜೆ ಬೆಲೆಗಳು ಸೇರಿದರೆ ಈ ಗೆರೆಗಳು ಬರುತ್ತವೆ ಅಂತ ಹಿಂದಕ್ಕೆ ಲೆಕ್ಕ ಹಾಕುತ್ತದೆ.

ಇಷ್ಟು ಚೊಕ್ಕವಾಗಿ ಸಿಗೋದು ಕಡಿಮೆ. ಎರಡು ಜೆ 8 ಮತ್ತು 7 ಇದ್ದರೆ ನಡುವಿನ ಎರಡು ಗೆರೆಗಳ ಮಧ್ಯೆ 1 ಹರ್ಟ್ಜ್ ಮಾತ್ರ ಉಳಿಯುತ್ತದೆ. ಗೆರೆಯ ಅಗಲವೇ ಅಷ್ಟಿದ್ದರೆ ಎರಡೂ ಒಂದಾಗಿ, ನೋಡಲು ಥೇಟ್ ಟ್ರಿಪ್ಲೆಟ್, ಅಂದರೆ ಸಮ ಅಂತರದ ಮೂರು ಗೆರೆ. ಪ್ರೋಗ್ರಾಂ 7.5 ಅಂತ ಒಂದೇ ಬೆಲೆ ಕೊಟ್ಟು ಸುಮ್ಮನಾಗಬಹುದು. ಇನ್ನು ಎರಡು ಪ್ರೋಟಾನ್‌ಗಳ ಶಿಫ್ಟ್, ಅಂದರೆ ರೋಹಿತದಲ್ಲಿ ಅವುಗಳ ಜಾಗ, ತೀರಾ ಹತ್ತಿರವಾದರೆ ಒಳಗಿನ ಗೆರೆ ಏರಿ ಹೊರಗಿನದು ಕುಗ್ಗುತ್ತದೆ, ಆಗ ಅಂತರ ಅಳೆದರೆ ಸಾಲದು, ಇಡೀ ರೋಹಿತವನ್ನೇ ಲೆಕ್ಕದಿಂದ ಕಟ್ಟಿ ಹೋಲಿಸಬೇಕು.

ಅದಕ್ಕೇ ನನಗೆ ‘ಬಿಡಿಸು’ ಹಿಡಿಸಿದೆ. ನಮ್ಮ ಕಡೆ ಹೊಲದಲ್ಲಿ ಹತ್ತಿ ಬಿಡಿಸುತ್ತಾರೆ, ಮಕ್ಕಳು ಲೆಕ್ಕ ಬಿಡಿಸುತ್ತಾರೆ, ಕೂದಲಿನ ಸಿಕ್ಕು ಬಿಡಿಸುತ್ತೇವೆ. ಒಂದಕ್ಕೊಂದು ಸೇರಿಕೊಂಡದ್ದನ್ನು ಬೇರೆ ಮಾಡೋದು, ಜೊತೆಗೆ ಉತ್ತರ ಕಂಡುಕೊಳ್ಳೋದು, ಎರಡೂ ಆ ಒಂದೇ ಮಾತಿನಲ್ಲಿದೆ. ತೊಡಕು ಏನಪ್ಪಾ ಅಂದರೆ, ಚಿತ್ರವನ್ನೂ ಬಿಡಿಸುತ್ತೇವಲ್ಲ! ‘ಸಾಫ್ಟ್‌ವೇರ್ ರೋಹಿತವನ್ನು ಬಿಡಿಸುತ್ತದೆ’ ಅಂದರೆ ಹುಡುಗರು ಬರೆದು ತೋರಿಸುತ್ತದೆ ಅಂದುಕೊಳ್ಳುತ್ತಾರೆ. ‘ಗೆರೆಗುಂಪು ಬಿಡಿಸಿ ಜೆ ಕಂಡುಹಿಡಿಯುತ್ತದೆ’ ಅಂತ ಪೂರ್ತಿ ಬರೆದರೆ ಗೊಂದಲ ಇಲ್ಲ, ಆದರೆ ತಲೆಬರಹಕ್ಕೆ ಉದ್ದವಾಯಿತು.

ಕಪ್ಲಿಂಗ್‌ಗೆ ‘ಜೋಡಣೆ’ ಬೇಡ ಅಂತ ನನ್ನ ಗಟ್ಟಿ ಅಭಿಪ್ರಾಯ. ಎರಡು ಪ್ರೋಟಾನ್ ಜೋಡಣೆ ಅಂದ ಕೂಡಲೇ ಅವೆರಡರ ನಡುವೆ ಬಂಧ ಇದೆ ಅನ್ನೋ ಅರ್ಥ ಬರುತ್ತದೆ. ಪಕ್ಕದ ಎರಡು ಕಾರ್ಬನ್‌ಗಳ ಮೇಲಿನ ಪ್ರೋಟಾನ್‌ಗಳ ನಡುವೆ ಮೂರು ಬಂಧಗಳ ದಾರಿ ಇರುತ್ತದೆ, ಪ್ರಭಾವ ಬರೋದು ಆ ದಾರಿಯಲ್ಲಿ. ಹಾಗಾಗಿ ‘ಕಪ್ಲಿಂಗ್ ಸ್ಥಿರಾಂಕ’ ಅಂತಲೇ ಉಳಿಸಿದ್ದೇನೆ. ಗೆರೆ ಒಡೆಯೋದಕ್ಕೆ ‘ಸೀಳು’ ಹಾಕಿದ್ದೇನೆ, ಅದು ಎಲ್ಲರಿಗೂ ಗೊತ್ತಿರುವ ಮಾತು.

ಈಗ ಕೇಳೋದು ಎರಡು. ಮಲ್ಟಿಪ್ಲೆಟ್‌ಗೆ, ಅಂದರೆ ಒಂದು ಪ್ರೋಟಾನ್ ಕೊಡುವ ಸೀಳಿದ ಗೆರೆಗಳಿಗೆಲ್ಲ ಸೇರಿ, ‘ಗೆರೆಗುಂಪು’ ಅಂದರೆ ನಿಮಗೆ ತಟ್ಟನೆ ಅರ್ಥವಾಗುತ್ತದಾ? ‘ಬಿಡಿಸು’ ಇಟ್ಟುಕೊಂಡು, ಚಿತ್ರ ಬಿಡಿಸೋ ಅರ್ಥ ಬಾರದ ಹಾಗೆ ಎರಡು ಮೂರು ಪದದ ತಲೆಬರಹ ಏನು ಕೊಡಬಹುದು? ಕೊಪ್ಪಳ, ಬಳ್ಳಾರಿ ಕಡೆ ಪಾಠ ಮಾಡುವವರು ತರಗತಿಯಲ್ಲಿ ಬಾಯಿಗೆ ಬರುವ ಮಾತನ್ನೇ ಬರೆಯಿರಿ, ನನಗೆ ಬೇಕಾದ್ದು ಅದೇ.