ಅಪ್‌ಡೇಟ್: ಜರ್ಮನಿಯ ಭಾನುವಾರ ಮತ್ತು ಪತ್ರೊಡೆ

ಅಂಗಡಿಯೆಲ್ಲ ಮುಚ್ಚುವ ಇಲ್ಲಿನ ಭಾನುವಾರ ಕುಂಬಳೆಯ ಮನೆ ನೆನಪಾಗಿ ಅಳು ಬರ್ತದೆ, ಏನು ಮಾಡ್ಲಿ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕತೆ.

ಅಮ್ಮನಿಗೆ ದಿನಾ ವಿಡಿಯೋ ಕಾಲ್ ಮಾಡಿದ್ದು ಪ್ರಯೋಜನ ಆಗ್ಲಿಲ್ಲ. ಬೇಸಗೆಯಲ್ಲೇ ಮೂರೂವರೆ ಗಂಟೆ ವ್ಯತ್ಯಾಸ, ಪಾಪ ಅವರು ನಿದ್ದೆ ತೂಗ್ತಾ ಕೂರ್ತಾರೆ. ಯಕ್ಷಗಾನದ ವಿಡಿಯೋ? ಚೆಂಡೆ ಕೇಳಿದ ಕೂಡ್ಲೇ ಊರಿಗೆ ಟಿಕೆಟ್ ಹುಡುಕ್ತೇನೆ!

ಕೈ ಹಿಡಿದದ್ದು ಪತ್ರೊಡೆ. "ಕೆಸು ಸಿಗದಿದ್ರೆ ಮಾಂಗೋಲ್ಡ್ ಸೊಪ್ಪು (ಪಾಲಕ್ ಹಾಗಿರುವ ಅಗಲ ಎಲೆ) ತಗೊಳ್ಳಿ" ಅಂದ ಅಕ್ಕಾ, ನೀವೇ ಗೆದ್ರಿ. ದಪ್ಪ ದಂಟು ಸೀಳಿ ತೆಗೆದು, ಅಕ್ಕಿ ಮಸಾಲೆ ಸವರಿ, ಸುತ್ತಿ ಹಬೆಯಲ್ಲಿ ಬೇಯಿಸಿದೆ. ಕೆಸುವಿನ ಹಾಗೆ ಗಂಟಲು ತುರಿಸೋದಿಲ್ಲ, ಹುಳಿ ಕಮ್ಮಿ ಸಾಕು.

ಭಾನುವಾರ ಮಿಕ್ಸಿ ಹಾಕಿದ್ರೆ ಸದ್ದಾಯ್ತು ಅಂತ ಕೆಳಗಿನ ಮನೆ ಅಜ್ಜಿ ಬಾಗಿಲು ಬಡಿತಿದ್ರು. ಈಗ ಶನಿವಾರವೇ ರುಬ್ಬಿಡ್ತೇನೆ. ಅವರಿಗೂ ಪತ್ರೊಡೆ ತಟ್ಟೆಯಲ್ಲಿ ಕೊಟ್ಟಾಗ, ನಾವೂ ಕ್ಯಾಬೇಜ್ ಎಲೆಯಲ್ಲಿ ಹೀಗೇ ಸುತ್ತುತ್ತೇವೆ ಅಂದ್ರು. ಅದರೊಳಗೆ ಮಾಂಸ, ಹಾಗಾಗಿ ನನಗೆ ಆಪಲ್ ಕೇಕ್ ಬಂತು.