ವಿ-ಕ್ರಾಸ್ ಹಿಂದಿನ ಶಾಕ್ ಆಯಿಲ್ ಜಿನುಗ್ತಿದೆ, ಮನೇಲೇ ಬಿಚ್ಚಿ ಸೀಲ್ ಹಾಕ್ಬಹುದಾ?

ಪೆರೇಸಂದ್ರ ಪಿಕಪ್:

ಗಾಡಿ ಇಸುಜು ವಿ-ಕ್ರಾಸ್. ಹಿಂದಕ್ಕೆ ಹೊರಗಿಂದ ತಂದು ಹಾಕಿದ ಮೋನೋಟ್ಯೂಬ್ (ಒಂದೇ ಕೊಳವೆಯ) ಶಾಕ್ ಅಬ್ಸಾರ್ಬರ್ ಇದೆ. 2 ಇಂಚು ಬಾಡಿ, ಹೋಸ್‌ನಲ್ಲಿ ಬೇರೆ ರಿಸರ್ವಾಯರ್ (ಆಯಿಲ್, ಗ್ಯಾಸ್ ಇರೋ ಪುಟ್ಟ ಡಬ್ಬಿ), ಅದರ ತುದಿಗೆ ಟೈರ್ ವಾಲ್ವ್ ತರಹದ್ದೇ ವಾಲ್ವ್. ಎಡಗಡೆ ಶಾಕ್‌ನ ರಾಡ್ ಬುಡದಲ್ಲಿ ಕೆಂಪು ಮಣ್ಣು ಬಳೆ ಕಟ್ಟಿದ ಹಾಗೆ ಮೆತ್ಕೊಂಡಿದೆ. ಒರೆಸಿದ್ರೆ ಎರಡೇ ದಿನಕ್ಕೆ ಮತ್ತೆ ಅಷ್ಟೇ. ಹಂಪ್ ಇಳಿದ ಮೇಲೆ ಆ ಮೂಲೆ ಎರಡು ಮೂರು ಸಲ ತೂಗಾಡುತ್ತೆ. ಓಡಾಟ ಹೆಚ್ಚು ಗುಡಿಬಂಡೆ ಕಡೆ ಕ್ರಷರ್ ರಸ್ತೆಗಳಲ್ಲಿ. ವೈಸ್, ಟಾರ್ಕ್ ರೆಂಚ್, ವರ್ನಿಯರ್ ಇದೆ. ಶಾಕ್ ಮಾತ್ರ ಯಾವತ್ತೂ ಬಿಚ್ಚಿಲ್ಲ. ಆಯಿಲ್ ಎಷ್ಟು ಬೇಕು, ಕೆಲಸ ಎಲ್ಲಿ ಕೆಡುತ್ತೆ ಅಂತ ತಿಳಿದವರು ಹೇಳಿ.

ಬೆಂಚ್ ವೈಸ್:

ಮಾಡ್ಬಹುದು. ಹಿಂದಿನದು ಪಟ್ಟಿ ಸ್ಪ್ರಿಂಗ್ ಆದ್ದರಿಂದ ಶಾಕ್ ಮೇಲೆ ಭಾರ ಇಲ್ಲ. ಮುಂದಿನದಾಗಿದ್ದರೆ ಕಾಯಿಲ್ ಸ್ಪ್ರಿಂಗ್ ಒತ್ತಿ ತೆಗೀಬೇಕಾಗ್ತಿತ್ತು, ಮೊದಲ ಸಲ ಅದಕ್ಕೆ ಕೈ ಹಾಕಬೇಡಿ ಅಂತಿದ್ದೆ. ಚಾಸಿಗೆ ಸ್ಟ್ಯಾಂಡ್ ಕೊಟ್ಟು, ಆಕ್ಸಲ್ ಕೆಳಗೂ ಒಂದು ಜಾಕ್ ಇಟ್ಟುಕೊಳ್ಳಿ. ಶಾಕ್ ಕಳಚಿದ ತಕ್ಷಣ ಆಕ್ಸಲ್ ಕೆಳಗೆ ಜೋತುಬಿದ್ದು ಬ್ರೇಕ್ ಹೋಸ್ ಎಳೆಯುತ್ತೆ.

ಹೊರಗಿನ ಮಣ್ಣನ್ನು ನೀರಲ್ಲಿ ತೊಳೆದು ಪೂರ್ತಿ ಒಣಗಿಸಿದ ಮೇಲೇ ಬೆಂಚಿಗೆ ತನ್ನಿ. ಒಳಗೆ ಹೋದ ಒಂದು ಮರಳಿನ ಕಣ ಹೊಸ ಸೀಲನ್ನು ಹಾಳು ಮಾಡೋಕೆ ಸಾಕು. ಆಮೇಲೆ ಗ್ಯಾಸ್. ಒಳಗೆ 200 ಪಿಎಸ್‌ಐ ಆಸುಪಾಸು ನೈಟ್ರೋಜನ್ ಇರುತ್ತೆ. ವಾಲ್ವ್ ಸೂಜಿಯನ್ನು ಬಟ್ಟೆ ಹಿಡಿದು ಸ್ವಲ್ಪ ಸ್ವಲ್ಪವೇ ಒತ್ತಿ ಖಾಲಿ ಮಾಡಿ, ಕೋರ್ (ಸೂಜಿ ಇರೋ ಒಳಭಾಗ) ಬಿಚ್ಚೋದು ಕೊನೆಗೆ. ಗ್ಯಾಸ್ ಜೊತೆ ಆಯಿಲ್ ಚಿಮ್ಮಿದರೆ ರಿಸರ್ವಾಯರ್ ಒಳಗೆ ಗ್ಯಾಸ್, ಆಯಿಲ್ ಬೇರೆ ಬೇರೆ ಇಡೋ ಫ್ಲೋಟಿಂಗ್ ಪಿಸ್ಟನ್ನಿನ ಸೀಲ್ ಕೂಡ ಹೋಗಿದೆ ಅಂತ ಅರ್ಥ.

ಮೊದಲು ರಿಸರ್ವಾಯರ್ ಮುಚ್ಚಳ. ಒಳಕ್ಕೆ ಒತ್ತಿ, ಲಾಕ್ ರಿಂಗ್ ತೆಗೆದು, ಮುಚ್ಚಳ ಎಳೆಯಿರಿ. ಈಗಲೇ ವರ್ನಿಯರ್‌ನ ಬಾಲ ಇಳಿಸಿ ಫ್ಲೋಟಿಂಗ್ ಪಿಸ್ಟನ್ ಎಷ್ಟು ಆಳದಲ್ಲಿದೆ ಅಂತ ಬರೆದಿಟ್ಟುಕೊಳ್ಳಿ. ಬಲಗಡೆ ಶಾಕ್ ಬಿಚ್ಚಿದಾಗಲೂ ಅಳೆಯಿರಿ. ಆಯಿಲ್ ಸೋರಿರೋದರ ಅಳತೆ ನಂಬೋ ಹಾಗಿಲ್ಲ. ಕಂಪನಿ ಅಳತೆ ಸಿಕ್ಕರೆ ಅದೇ ಸರಿ.

ಬಾಡಿಯ ಕೆಳಗಿನ ಕಣ್ಣನ್ನು (ಬೋಲ್ಟ್ ಕೂರೋ ಬಳೆ) ಅಲ್ಯೂಮಿನಿಯಂ ತುಂಡು ಕೊಟ್ಟು ವೈಸಿಗೆ ಹಿಡಿಸಿ, ರಾಡ್ ಮೇಲಕ್ಕಿರಲಿ. ಧೂಳಿನ ಕ್ಯಾಪ್ ತೆಗೆದು ಸೀಲ್ ಹೆಡ್ಡನ್ನು (ರಾಡ್ ತೂರಿ ಬರೋ, ಸೀಲ್ ಕೂತಿರೋ ಮುಚ್ಚಳ) ಒಂದೆರಡು ಸೆಂ.ಮೀ. ಒಳಕ್ಕೆ ತಳ್ಳಿದರೆ ವೈರ್ ರಿಂಗ್ ಕಾಣುತ್ತೆ. ಅದರ ಒಂದು ತುದಿಯನ್ನು ಚೂಪು ಕೊಕ್ಕೆಯಿಂದ ಎಬ್ಬಿಸಿ, ಇನ್ನೊಂದು ಕೊಕ್ಕೆ ಹಿಂದೆ ಹಾಕಿ ಸುತ್ತ ಬಿಡಿಸುತ್ತಾ ಬನ್ನಿ. ಇಲ್ಲಿ ಅವಸರ ಮಾಡಿ ಸ್ಕ್ರೂಡ್ರೈವರ್ ತೂರಿಸೋರೇ ಜಾಸ್ತಿ, ಬೋರ್‌ಗೆ (ಬಾಡಿಯ ಒಳಗೋಡೆ) ಗೀರು ಬೀಳುತ್ತೆ. ರಿಂಗ್ ಬಂದ ಮೇಲೆ ಅದು ಕೂತಿದ್ದ ಕೊರಕಲಿನ ಅಂಚನ್ನು ಉಗುರಲ್ಲಿ ಸವರಿ ನೋಡಿ. ಎಲ್ಲಾದರೂ ಕಚ್ಚಿದರೆ 600 ಎಮರಿಯಲ್ಲಿ ನಯ ಮಾಡಿ ಒರೆಸಿ, ಆಮೇಲೆ ಹೆಡ್ ಹೊರಗೆಳೆಯಿರಿ. ಹೊಸ ಓ-ರಿಂಗ್ ಕತ್ತರಿಸಿಹೋಗೋದು ಈ ಅಂಚಲ್ಲೇ. ಹಾಕಿದ ದಿನವೇ ಹೆಡ್ ಸುತ್ತ ಸೋರೋ ಶಾಕ್‌ಗಳಲ್ಲಿ ಮೊದಲು ನೋಡಬೇಕಾದ ಜಾಗ ಇದು.

ಪಿಸ್ಟನ್ ನಟ್ ಬಿಚ್ಚುವಾಗ ರಾಡನ್ನು ವೈಸಲ್ಲಿ ಹಿಡಿಯಬೇಡಿ, ರಾಡ್ ತುದಿಯ ಕಣ್ಣನ್ನು ಹಿಡಿಯಿರಿ. ನಟ್ ಕಡೆಯ ಶಿಮ್ಮುಗಳು (ಆಯಿಲ್ ಹರಿವಿಗೆ ಅಡ್ಡ ಕೂರೋ ತೆಳು ಉಕ್ಕಿನ ಬಿಲ್ಲೆಗಳು) ರಾಡ್ ಹೊರಗೆ ಬರುವಾಗ ತಡೆಯುವವು, ರಾಡ್ ಕಡೆಯವು ಒಳಗೆ ಹೋಗುವಾಗ ತಡೆಯುವವು. ಎಲ್ಲವನ್ನೂ ಇದ್ದ ಕ್ರಮದಲ್ಲೇ ಒಂದು ತಂತಿಗೆ ಪೋಣಿಸಿ. 0.15 ಮತ್ತು 0.20 ಮಿ.ಮೀ. ಶಿಮ್ಮುಗಳು ಕಣ್ಣಿಗೆ ಒಂದೇ ಥರ. ಕೈತಪ್ಪಿ ಚೆಲ್ಲಿದರೆ ಮೈಕ್ರೋಮೀಟರ್ ಇಲ್ಲದೆ ಜೋಡಿಸೋಕಾಗಲ್ಲ. ನೈಲಾಕ್ ನಟ್ (ಸಡಿಲ ಆಗದ ಹಾಗೆ ನೈಲಾನ್ ಬಳೆ ಇರೋದು) ಹೊಸದು ಹಾಕಿ, ಕಂಪನಿ ಹೇಳಿದ ಟಾರ್ಕ್ ಮೀರಬೇಡಿ.

ಆಯಿಲ್ ಜೋಡಿಗೆ 2 ಲೀಟರ್ ತನ್ನಿ, ಚೆಲ್ಲೋದೂ ಸೇರಿ. ಅಳೆದು ಹಾಕೋ ಲೆಕ್ಕ ಇದರಲ್ಲಿಲ್ಲ, ಗಾಳಿ ಪೂರ್ತಿ ಹೋಗೋವರೆಗೂ ತುಂಬೋದು. ಶಾಕ್ ಆಯಿಲ್ಲೇ ಆಗಬೇಕು. ಡಬ್ಬಿ ಮೇಲಿನ 5 ವೇಯ್ಟ್ ಅನ್ನೋದು ಒಂದೊಂದು ಕಂಪನಿಗೆ ಒಂದೊಂದು ಥರ. 40 ಡಿಗ್ರಿಯಲ್ಲಿ ಎಷ್ಟು ಸೆಂಟಿಸ್ಟೋಕ್ (ಆಯಿಲ್ ಮಂದತನದ ಅಳತೆ) ಅಂತ ನೋಡಿ ಹೊಂದಿಸಿ. ಸೋರದಿದ್ದರೂ ಬಲಗಡೆಯದಕ್ಕೂ ಹೊಸ ಆಯಿಲ್ ಹಾಕಿ, ಇಲ್ಲದಿದ್ದರೆ ಎರಡು ಕಡೆ ಎರಡು ಥರ ಕೂರುತ್ತೆ.

ಸೀಲ್ ಸಾಬು:

ಮೇಲಿನವರು ಹೇಳಿದ್ದು ಸರಿ, ಆದರೆ ಕಿಟ್ ತರಿಸೋ ಮುಂಚೆ ರಾಡ್ ನೋಡಿ. ಕ್ರಷರ್ ಧೂಳಲ್ಲಿ ಓಡೋ ಗಾಡಿಯ ಸೀಲ್ ಸುಮ್ಮನೆ ಹೋಗಿರಲ್ಲ. ರಾಡ್ ಒರೆಸಿ, ಹತ್ತಿ ಉಂಡೆಯನ್ನು ಮೇಲಿಂದ ಕೆಳಕ್ಕೆ ಎಳೆಯಿರಿ. ಎಳೆ ಸಿಕ್ಕಿಹಾಕಿಕೊಂಡ ಕಡೆ ಕ್ರೋಮ್ ಎದ್ದಿದೆ ಅಥವಾ ಗುಂಡಿ ಬಿದ್ದಿದೆ. ಸಣ್ಣ ಗೀರಾದರೆ 2000 ನಂಬರ್ ವಾಟರ್ ಪೇಪರನ್ನು ಆಯಿಲಲ್ಲಿ ನೆನೆಸಿ ರಾಡ್ ಸುತ್ತ ತಿರುಗಿಸಿ. ಉದ್ದುದ್ದ ಉಜ್ಜಿದರೆ ಆಯಿಲ್ ಹೊರಗೆ ಬರೋಕೆ ನೀವೇ ಕಾಲುವೆ ತೋಡಿಕೊಟ್ಟ ಹಾಗೆ. ಗುಂಡಿ ಬಿದ್ದಿದ್ದರೆ ಹೊಸ ರಾಡ್, ಇಲ್ಲ ಪೀಣ್ಯ ಕಡೆ ಹಾರ್ಡ್ ಕ್ರೋಮ್ ಮಾಡಿ ಗ್ರೈಂಡ್ ಮಾಡುವವರ ಹತ್ತಿರ ಕೊಡಿ.

ಹೆಡ್ ಒಳಗಿನ ಬುಷ್ಷನ್ನೂ ನೋಡಿ. ಬೂದು ಪದರ ಸವೆದು ಕಂಚಿನ ಬಣ್ಣ ಕಂಡರೆ ಅದೂ ಹೊಸದು. ರಾಡ್ ಅಲ್ಲಾಡ್ತಾ ಇದ್ದರೆ ಯಾವ ಸೀಲೂ ನಿಲ್ಲಲ್ಲ. ಒಳ ಸೀಲಿನ ತುಟಿ ಆಯಿಲ್ ಕಡೆಗೆ, ಧೂಳಿನ ಸೀಲಿನ ತುಟಿ ಹೊರಕ್ಕೆ. ಹೆಡ್ ತೂರಿಸುವಾಗ ರಾಡ್ ತುದಿಯ ತ್ರೆಡ್ಡಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಮೇಲೆ ಆಯಿಲ್ ಸವರಿ.

ಪೆರೇಸಂದ್ರ ಪಿಕಪ್:

ತುಂಬಾ ಉಪಕಾರ ಆಯ್ತು. ಬಿಚ್ಚಿದೆ. ರಾಡ್ ನಯವಾಗಿದೆ, ಹತ್ತಿ ಎಲ್ಲೂ ಸಿಕ್ಕಲಿಲ್ಲ. ವರ್ನಿಯರ್ 15.87 ತೋರಿಸ್ತು. ಜೆಸಿಬಿ ಹೈಡ್ರಾಲಿಕ್ ಅಂಗಡೀಲಿ 16 ಎಂಎಂ ಸೀಲ್ ಕೈಗೆ ಕೊಟ್ಟು "ಇದೇ ಸಾಕು" ಅಂದರು. ಹಾಕ್ಬಹುದಾ? ನೈಟ್ರೋಜನ್ ಟೈರ್ ಅಂಗಡೀಲೇ ತುಂಬಿಸಬಹುದಾ? ಗಾಳಿ ಹೊರಗೆ ತೆಗೆಯೋದು ಇನ್ನೂ ಸ್ಪಷ್ಟ ಆಗಿಲ್ಲ.

ಸೀಲ್ ಸಾಬು:

ಬೇಡ. ನಿಮ್ಮದು 5/8 ಇಂಚು ರಾಡ್, ಅಂದರೆ 15.875. 16ರ ಸೀಲ್ ಹಾಕಿದರೆ ತುಟಿಯ ಹಿಡಿತ ಅಷ್ಟು ಸಡಿಲ, ಬೆಳಗಿನ ಚಳಿಗೇ ಒಸರೋಕೆ ಶುರು. ಇಂಚಿನ ಸೀಲನ್ನೇ ಕೇಳಿ, ಇಲ್ಲದಿದ್ದರೆ ಶಾಕ್ ಕಂಪನಿಯ ಕಿಟ್ ಬರೋವರೆಗೂ ಕಾಯಿರಿ.

ಬೆಂಚ್ ವೈಸ್:

ಗಾಳಿ ತೆಗೆಯೋದು ಹೀಗೆ. ಬಾಡಿ ಬಾಯಿ ಮೇಲಾಗಿ ವೈಸಲ್ಲಿ. ರಿಸರ್ವಾಯರ್ ಅದಕ್ಕಿಂತ ಕೆಳಗೆ, ಹೋಸ್ ಕಡೆ ಮೇಲೆ, ಫ್ಲೋಟಿಂಗ್ ಪಿಸ್ಟನ್ ಕಡೆ ಕೆಳಗೆ. ಪಿಸ್ಟನ್ ಮೇಲೆ ಕೈ ಇರಲಿ. ಬಾಡಿಗೆ ಆಯಿಲ್ ಸುರಿದು ಫ್ಲೋಟಿಂಗ್ ಪಿಸ್ಟನ್ನನ್ನು ಮೇಲೆ ಕೆಳಗೆ ನಿಧಾನ ಆಡಿಸಿ, ಹೋಸಿಗೆ ಸುತ್ತಿಗೆ ಹಿಡಿಯಿಂದ ತಟ್ಟಿ. ಗುಳ್ಳೆ ಹೋಸ್ ಮೂಲಕ ಬಾಡಿಗೆ ಏರಿ ಒಡೆಯುತ್ತೆ. ಗುಳ್ಳೆ ನಿಂತ ಮೇಲೆ ಫ್ಲೋಟಿಂಗ್ ಪಿಸ್ಟನ್ ಅಳತೆಗೆ ತಂದು, ರಾಡ್ ಪಿಸ್ಟನ್ನನ್ನು ಆಯಿಲಿಗೆ ಇಳಿಸಿ, 2-3 ಸೆಂ.ಮೀ. ಮಾತ್ರ ಆಡಿಸಿ. ಪಿಸ್ಟನ್ ಆಯಿಲ್ ಮಟ್ಟಕ್ಕಿಂತ ಮೇಲೆ ಬಂದರೆ ಮತ್ತೆ ಗಾಳಿ ಎಳ್ಕೊಳ್ಳುತ್ತೆ, ಮೊದಲಿಂದ ಮಾಡಬೇಕು. ಕೊನೆಗೆ ಬಾಯಿ ತುಂಬ ಆಯಿಲ್, ಹೆಡ್ ಕೂರಿಸುವಾಗ ಒಂದಿಷ್ಟು ಚೆಲ್ಲಲೇಬೇಕು. ವೈರ್ ರಿಂಗ್ ಹಾಕಿ ಆಳ ಮತ್ತೊಮ್ಮೆ ಅಳೆಯಿರಿ.

ಆಳಕ್ಕೆ ಯಾಕಿಷ್ಟು ಒತ್ತು ಅಂದರೆ, ನಿಮ್ಮ ರಾಡ್ 25 ಸೆಂ.ಮೀ. ಒಳಗೆ ಹೋದರೆ 49 ಮಿ.ಲೀ. ಆಯಿಲ್ ರಿಸರ್ವಾಯರ್‌ಗೆ ನುಗ್ಗುತ್ತೆ. ಒಳವ್ಯಾಸ 50 ಮಿ.ಮೀ. ಇದ್ದರೆ ಫ್ಲೋಟಿಂಗ್ ಪಿಸ್ಟನ್ 25 ಮಿ.ಮೀ. ಸರಿಯುತ್ತೆ. ಗ್ಯಾಸಿಗೆ 60 ಮಿ.ಮೀ. ಜಾಗ ಇದ್ದರೆ 200 ಪಿಎಸ್‌ಐ ಸುಮಾರು 350ಕ್ಕೆ ಏರುತ್ತೆ, ತೊಂದರೆ ಇಲ್ಲ. ಬರೀ 35 ಮಿ.ಮೀ. ಬಿಟ್ಟಿದ್ದರೆ 700 ದಾಟುತ್ತೆ. ಇನ್ನೂ ಕಡಿಮೆಯಾದರೆ ಪಿಸ್ಟನ್ ಮುಚ್ಚಳಕ್ಕೇ ಗುದ್ದುತ್ತೆ. ತಿರುಗಾಮುರುಗಾ ಆಗಿ ಆಯಿಲ್ ಕಡಿಮೆ ಬಿದ್ದರೆ, ರಾಡ್ ಹೊರಗೆ ಬಂದಾಗ ಫ್ಲೋಟಿಂಗ್ ಪಿಸ್ಟನ್ ಹೋಸ್ ಕಡೆಯ ತಳ ಮುಟ್ಟಿ ನಿಲ್ಲುತ್ತೆ, ಒಳಗೆ ಖಾಲಿ ಜಾಗ ಬಿದ್ದು ದಿಕ್ಕು ಬದಲಾದಾಗಲೆಲ್ಲ ಟಕ್ ಅನ್ನುತ್ತೆ.

ಬಾಗೇಪಲ್ಲಿ ಎಸಿ:

ನೈಟ್ರೋಜನ್ ವಿಷಯ. ಟೈರ್ ಅಂಗಡಿಯ ಮೆಷಿನ್ ಟೈರಿಗೆ ಬೇಕಾದಷ್ಟು ಒತ್ತಡಕ್ಕೆ ಮಾಡಿದ್ದು, 200 ಕೊಡಲ್ಲ. ಫ್ರಿಜ್-ಎಸಿ ರಿಪೇರಿಯವರ ಹತ್ತಿರ ಲೀಕ್ ನೋಡೋಕೆ ನೈಟ್ರೋಜನ್ ಸಿಲಿಂಡರ್, ರೆಗ್ಯುಲೇಟರ್ ಎರಡೂ ಇರುತ್ತೆ, ಅವರನ್ನು ಕೇಳಿ. ಮೊದಲು 50 ಹಾಕಿ, ಮುಚ್ಚಳ ರಿಂಗಿಗೆ ಸರಿಯಾಗಿ ಕೂತಿದೆಯಾ ನೋಡಿ, ಆಮೇಲೆ 200. ತುಂಬುವಾಗ ಮುಚ್ಚಳದ ಎದುರಿಗೆ ಮುಖ ಇಡಬೇಡಿ. ವೆಲ್ಡಿಂಗ್ ಶಾಪಿನ ಆಕ್ಸಿಜನ್ ಮಾತ್ರ ಯಾರು ಎಷ್ಟೇ ಹೇಳಿದರೂ ಬೇಡ: ಒತ್ತಡದ ಆಕ್ಸಿಜನ್ನಿಗೆ ಆಯಿಲ್ ತಾಗಿದರೆ ಸಿಡಿಯುತ್ತೆ. ತುಂಬಿದ ಮೇಲೆ ಟೈರ್ ಗೇಜ್ ಹಾಕಿ ನೋಡೋ ಚಟನೂ ಬೇಡ. ಒಳಗಿರೋ ಗ್ಯಾಸೇ ಅಷ್ಟು, ಪ್ರತಿ ಸಲ ಒಂದಿಷ್ಟು ಗೇಜಿಗೇ ಹೋಗುತ್ತೆ.

ಟೊಮೆಟೊ ಲೋಡ್:

ಬೊಲೆರೊ ಪಿಕಪ್ ಶಾಕ್ ಕೂಡ ಹೀಗೇ ಬಿಚ್ಚಬಹುದಾ ಅಣ್ಣ?

ಬೆಂಚ್ ವೈಸ್:

ಇಲ್ಲ ತಮ್ಮಾ, ಅದು ಬಾಯಿ ಮಡಿಚಿ ಮುಚ್ಚಿರೋ ಶಾಕ್, ಒಳಗೆ ಹೋಗೋಕೆ ದಾರಿಯೇ ಇಲ್ಲ. ತೂತು ಕೊರೆದು ಆಯಿಲ್ ತುಂಬಿ ವೆಲ್ಡ್ ಹೊಡೆಯುವವರಿದ್ದಾರೆ. ಕೊರೆದ ಚೂರು ವಾಲ್ವಿಗೆ ಸಿಕ್ಕುತ್ತೆ, ಹಳೇ ಸೀಲ್ ಅಲ್ಲೇ ಉಳಿಯುತ್ತೆ, ವೆಲ್ಡ್ ಬಿಸಿಗೆ ಇನ್ನಷ್ಟು ಕೆಡುತ್ತೆ. ಜೋಡಿ ಹೊಸದು ಹಾಕು.

ಪೆರೇಸಂದ್ರ ಪಿಕಪ್:

ಇಂಚಿನ ಕಿಟ್ ಬಂತು, ಎರಡೂ ಆಯ್ತು, 200 ಹಾಕಿಸಿದೆ. ರಾಡ್ ಕೈಯಲ್ಲಿ ಒತ್ತಿದರೆ ಸುಲಭಕ್ಕೆ ಹೋಗ್ತಿಲ್ಲ. ಸರಿನಾ?

ಬೆಂಚ್ ವೈಸ್:

ಸರಿ. 200 ಪಿಎಸ್‌ಐಗೆ ಆ ದಪ್ಪದ ರಾಡ್ ಸುಮಾರು 28 ಕೆಜಿ ಬಲದಲ್ಲಿ ಹೊರಕ್ಕೆ ತಳ್ಳುತ್ತೆ. ನೆಲಕ್ಕೆ ಊರಿ ಮೈಭಾರ ಹಾಕಿ ಒತ್ತಿ, ಬಿಟ್ಟರೆ ನಿಧಾನವಾಗಿ ತಾನೇ ಪೂರ್ತಿ ಹೊರಗೆ ಬರಬೇಕು. ದಾರಿಯಲ್ಲಿ ಎಲ್ಲಾದರೂ ದಿಢೀರ್ ಹಗುರ ಆದರೆ ಗಾಳಿ ಇದೆ. ರಾತ್ರಿಯೆಲ್ಲ ಪೇಪರ್ ಮೇಲೆ ಮಲಗಿಸಿ, ಬೆಳಿಗ್ಗೆ ಕಲೆ ಇಲ್ಲದಿದ್ದರೆ ಗಾಡಿಗೆ ಹಾಕಿ. ರಬ್ಬರ್ ಬುಷ್ ಆದರೆ ಬೋಲ್ಟ್ ಕೊನೆಯ ಟೈಟ್ ಗಾಡಿ ಚಕ್ರದ ಮೇಲೆ ನಿಂತ ಮೇಲೆ ಮಾಡಿ. ಆಕ್ಸಲ್ ಜೋತಿರುವಾಗ ಬಿಗಿದರೆ ಬುಷ್ ತಿರುಚಿಕೊಂಡೇ ಇರುತ್ತೆ, ಬೇಗ ಹರಿಯುತ್ತೆ.