ಪಿಎಂಎಲ್ ಪಟ್ಟಿ ಮಾಯವಾಗಿದೆ: ವೈರಸ್ಸೇ ಒಡೆಸಿತು ಎನ್ನಬಹುದೇ?

ಕೇಳಿದವರು: ಪಿಎಚ್‌.ಡಿ.ಯ ಎರಡನೆಯ ವರ್ಷದಲ್ಲಿದ್ದೇನೆ. ಮಾನವ ಫೈಬ್ರೊಬ್ಲಾಸ್ಟ್ ಕೋಶಗಳಿಗೆ ಹರ್ಪಿಸ್ ಸಿಂಪ್ಲೆಕ್ಸ್ 1 ಸೋಂಕು ತಗುಲಿಸಿ ನಾಲ್ಕು ಗಂಟೆಯ ಬಳಿಕ ವೆಸ್ಟರ್ನ್ ಬ್ಲಾಟ್ (ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಬೇರ್ಪಡಿಸಿ ಪ್ರತಿಕಾಯದಿಂದ ಗುರುತಿಸುವ ಪರೀಕ್ಷೆ) ಮಾಡಿದರೆ ಕೋಶದ ರಕ್ಷಣಾ ಪ್ರೋಟೀನ್ ಪಿಎಂಎಲ್‌ನ ಪಟ್ಟಿಯೇ (ಬ್ಯಾಂಡ್) ಇಲ್ಲ. ವೈರಸ್ಸಿನ ಐಸಿಪಿ0 ಪ್ರೋಟೀನ್ ಅದನ್ನು ಒಡೆಸಿತು ಎಂದು ಬರೆಯಬಹುದೇ? ಮಾರ್ಗದರ್ಶಕರು ಒಪ್ಪುತ್ತಿಲ್ಲ.

ಮೊದಲ ಉತ್ತರ: ಅವರು ಒಪ್ಪದಿರುವುದು ಒಳ್ಳೆಯದೇ. ಬ್ಲಾಟ್‌ನಲ್ಲಿ ಕಾಣದ್ದೆಲ್ಲ ಒಡೆದುಹೋದದ್ದಲ್ಲ. ಇದನ್ನು ನಾನು ಮೂರು ತಿಂಗಳು ಕಳೆದುಕೊಂಡು ಕಲಿತೆ.

ಐಸಿಪಿ0 ತಾನೇ ಏನನ್ನೂ ಕತ್ತರಿಸುವುದಿಲ್ಲ. ತನ್ನ ರಿಂಗ್ ಎಂಬ ಭಾಗದ ಬಲದಿಂದ ಗುರಿಯ ಮೇಲೆ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನಿನ ಸರಪಳಿ ಕಟ್ಟಿಸುತ್ತದೆ. ಆ ಗುರುತು ಕಂಡು ಒಡೆಯುವುದು ಕೋಶದ್ದೇ ಆದ ಪ್ರೋಟೀನ್ ಒಡೆಯುವ ಯಂತ್ರ, ಪ್ರೋಟಿಯಾಸೋಮ್. ಹಾಗಾಗಿ ರಿಂಗ್ ಭಾಗ ಕೆಡಿಸಿದ ವೈರಸ್ಸಿನಲ್ಲಿ ಪಿಎಂಎಲ್ ಉಳಿಯಬೇಕಿತ್ತು. ನನ್ನ ಬ್ಲಾಟ್‌ನಲ್ಲಿ ಅಲ್ಲಿಯೂ ಉಳಿದಿರಲಿಲ್ಲ! ವೈರಸ್ಸಿನ ದಾಸ್ತಾನು ಕಲಬೆರಕೆಯಾಗಿದೆ ಎಂದುಕೊಂಡು ಮತ್ತೆ ಮತ್ತೆ ಹೊಸದಾಗಿ ಬೆಳೆಸಿದೆ. ಕೊನೆಗೆ ಕಣ್ಣಿಗೆ ಬಿದ್ದದ್ದು ಸೋಂಕೇ ಇಲ್ಲದ ಕೋಶಗಳ ಸಾಲು: ಅಲ್ಲಿಯೂ ಪಟ್ಟಿ ಮಸುಕಾಗಿತ್ತು. ನಾನು ಸೌಮ್ಯ ಡಿಟರ್ಜೆಂಟ್‌ನಲ್ಲಿ ಕೋಶಗಳನ್ನು ಕರಗಿಸಿ, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನು ಉಳಿಸಿಕೊಂಡು ತಳದ ಗಸಿಯನ್ನು ಎಸೆಯುತ್ತಿದ್ದೆ. ಪಿಎಂಎಲ್ ಕೋಶಕೇಂದ್ರದ ಚುಕ್ಕೆಗಳಲ್ಲಿ ಗಟ್ಟಿಯಾಗಿ ಕೂತಿರುವ ಪ್ರೋಟೀನ್, ಸುಲಭಕ್ಕೆ ಕರಗುವುದಿಲ್ಲ. ಗಸಿಯನ್ನು ಕುದಿಸಿ ಜೆಲ್‌ನಲ್ಲಿ ಓಡಿಸಿದಾಗ ನನ್ನ ಪಿಎಂಎಲ್ ಪೂರ್ತಿ ಅಲ್ಲೇ ಇತ್ತು.

ಅಂದಿನಿಂದ ತಟ್ಟೆಯ ಮೇಲೆಯೇ ಬಿಸಿ ಎಸ್‌ಡಿಎಸ್ (ಬಲವಾದ ಡಿಟರ್ಜೆಂಟ್) ಬಫರ್ ಸುರಿದು ಇಡೀ ಕೋಶವನ್ನು ಕುದಿಸುತ್ತೇನೆ. ಬಫರ್‌ಗೆ ಎನ್-ಈಥೈಲ್‌ಮೇಲಿಮೈಡ್ ಸೇರಿಸುವುದನ್ನು ಮರೆಯಬೇಡಿ. ಇಲ್ಲವಾದರೆ ಪಿಎಂಎಲ್‌ಗೆ ಅಂಟಿದ ಸುಮೋ (ಯುಬಿಕ್ವಿಟಿನ್‌ನಂಥ ಇನ್ನೊಂದು ಪುಟ್ಟ ಪ್ರೋಟೀನ್) ಗುರುತುಗಳು ಕರಗಿಸುವ ಹೊತ್ತಿಗೇ ಕಳಚಬಹುದು. ಸುಮೋ ಇರುವ ರೂಪಗಳು ಜೆಲ್‌ನಲ್ಲಿ ಮೇಲೆ ನಿಲ್ಲುತ್ತವೆ, ಸೋಂಕಿನಲ್ಲಿ ಮೊದಲು ಹೋಗುವವೂ ಅವೇ. ಒಂದು, ಎರಡು, ನಾಲ್ಕು ಗಂಟೆಗೆ ಮಾದರಿ ತೆಗೆದರೆ ಅವು ಮಾಯವಾಗುತ್ತ ಹೋಗುವುದು ಕಣ್ಣಿಗೇ ಕಾಣುತ್ತದೆ.

ಪ್ರೋಟಿಯಾಸೋಮ್ ತಡೆಯಲು ಎಂಜಿ132 ಹಾಕುವುದಾದರೆ ವೈರಸ್ ಜೊತೆಗೇ ಹಾಕಬೇಡಿ. ವೈರಸ್ ಕೋಶಕೇಂದ್ರ ತಲುಪುವುದಕ್ಕೂ ಪ್ರೋಟಿಯಾಸೋಮ್ ಕೆಲಸ ಮಾಡುತ್ತಿರಬೇಕು. ಸೋಂಕೇ ಆಗದಿದ್ದರೆ ಪಿಎಂಎಲ್ ಉಳಿದೇ ಉಳಿಯುತ್ತದೆ, ನೀವು ಔಷಧದ ಫಲ ಎಂದುಕೊಳ್ಳುತ್ತೀರಿ. ವೈರಸ್ ಒಳಹೊಕ್ಕ ಮೇಲೆ ಹಾಕಿ, ಅದೇ ಬ್ಲಾಟ್‌ನಲ್ಲಿ ಐಸಿಪಿ0 ಇದೆಯೆಂದೂ ತೋರಿಸಿ.

ಎರಡನೆಯ ಉತ್ತರ: ವೈರಸ್ಸಿನ ಪ್ರಮಾಣದ ಕಡೆಗೂ ಗಮನವಿರಲಿ. ಐಸಿಪಿ0 ಇಲ್ಲದ ವೈರಸ್ ಫೈಬ್ರೊಬ್ಲಾಸ್ಟ್‌ಗಳಲ್ಲಿ ಕಡಿಮೆ ಪ್ರಮಾಣದಲ್ಲಿ ಹಾಕಿದರೆ ಬಹುತೇಕ ಬೆಳೆಯುವುದೇ ಇಲ್ಲ. ಅದರ ಎಣಿಕೆಯನ್ನು ಅಲ್ಲಿ ಮಾಡಿದರೆ ಲೆಕ್ಕ ತಪ್ಪುತ್ತದೆ. ಐಸಿಪಿ0 ಇರುವ, ಇಲ್ಲದ ಎರಡೂ ವೈರಸ್‌ಗಳನ್ನು ಯು2ಓಎಸ್ (ಮೂಳೆ ಕ್ಯಾನ್ಸರ್‌ನಿಂದ ಬಂದ) ಕೋಶಗಳಲ್ಲಿ ಎಣಿಸಿ. ಅಲ್ಲಿ ಐಸಿಪಿ0 ಇಲ್ಲದಿದ್ದರೂ ವೈರಸ್ ಚೆನ್ನಾಗಿ ಬೆಳೆಯುತ್ತದೆ. ಪ್ರಯೋಗದಲ್ಲಿ ವೈರಸ್ಸಿನ ಇನ್ನೊಂದು ಆರಂಭಿಕ ಪ್ರೋಟೀನ್ ಐಸಿಪಿ4 ಎರಡರಲ್ಲೂ ಸಮನಾಗಿ ಕಂಡರೆ ಮಾತ್ರ ಹೋಲಿಕೆಗೆ ಅರ್ಥ. ಇನ್ನೊಂದು: ಇದೇ ವೈರಸ್ಸಿನ ವಿಎಚ್‌ಎಸ್ ಎಂಬ ಪ್ರೋಟೀನ್ ಸಂದೇಶವಾಹಕ ಆರ್‌ಎನ್‌ಎಯನ್ನೇ ಕತ್ತರಿಸುತ್ತದೆ. ಅಲ್ಪಾಯುಷಿ ಪ್ರೋಟೀನ್‌ಗಳು ಹೊಸದಾಗಿ ತಯಾರಾಗದೆಯೇ ಖಾಲಿಯಾಗಬಹುದು. ವೈರಸ್ ಡಿಎನ್‌ಎ ಗುರುತಿಸುವ ಕೋಶದ ಪ್ರೋಟೀನ್ ಐಎಫ್‌ಐ16 ಮಾಯವಾಗುವುದರಲ್ಲಿ ಐಸಿಪಿ0 ಪಾಲೆಷ್ಟು ಎಂಬ ವಾದ ಹುಟ್ಟಿದ್ದು ಇಂಥ ಕಾರಣಗಳಿಂದಲೇ.

ಮೂರನೆಯ ಉತ್ತರ: ನನ್ನದು ಸೈಟೊಮೆಗಾಲೊವೈರಸ್. ಅದೂ ಹರ್ಪಿಸ್ ಕುಟುಂಬದ್ದೇ, ಆದರೆ ಈ ಕುಟುಂಬದ ವೈರಸ್‌ಗಳೆಲ್ಲ ಒಂದೇ ದಾರಿ ಹಿಡಿಯುವುದಿಲ್ಲ ಎಂದು ಹೇಳಬೇಕೆನಿಸಿತು. ಇದು ತನ್ನ ಕಣದೊಳಗೇ ಪಿಪಿ71 ಪ್ರೋಟೀನನ್ನು ಹೊತ್ತು ತರುತ್ತದೆ, ಹೊಸದಾಗಿ ಪ್ರೋಟೀನ್ ತಯಾರಿಸುವ ಮೊದಲೇ ಕೋಶದ ಇನ್ನೊಂದು ರಕ್ಷಣಾ ಪ್ರೋಟೀನ್ ಡ್ಯಾಕ್ಸ್ ಕಾಣೆ. ಒಡೆಯುವುದು ಪ್ರೋಟಿಯಾಸೋಮೇ, ಆದರೆ ಯುಬಿಕ್ವಿಟಿನ್ ಬೇಕಿಲ್ಲ. ಡ್ಯಾಕ್ಸ್ ಮೇಲೆ ಯುಬಿಕ್ವಿಟಿನ್ ಸರಪಳಿ ಹುಡುಕುತ್ತ ನಾನು ಬಹಳ ಪ್ರತಿಕಾಯ ಹಾಳುಮಾಡಿದೆ. ನಿಮ್ಮ ವೈರಸ್ಸಿನಲ್ಲಿ ಆ ಸರಪಳಿ ಸಿಗುತ್ತದೆ, ಹುಡುಕಿ.

ಕೇಳಿದವರು: ಗಸಿಯನ್ನು ನಾನೂ ಎಸೆಯುತ್ತಿದ್ದೆ. ನಾಳೆ ಬೆಳಿಗ್ಗೆ ಮೊದಲು ಇಡೀ ಕೋಶ ಕುದಿಸಿ ನೋಡುತ್ತೇನೆ, ಸೋಂಕಿಲ್ಲದ ಸಾಲಿನಿಂದಲೇ ಶುರು.